ಹಲಗೆ ಹತ್ತುವ ಮುನಿಸ್ವಾಮಪ್ಪ

ಕಾಲ್ಗುಣ ಎಂಬ ಮಾತನ್ನು ನಮ್ಮ ಕಡೆ ಹೊಸದಾಗಿ ಮನೆಗೆ ಬಂದ ಸೊಸೆಯರಿಗೆ ಮೀಸಲಿಟ್ಟಿದ್ದಾರೆ. ಸೊಸೆ ಬಂದ ವರ್ಷ ಬೋರ್‌ವೆಲ್‌ನಲ್ಲಿ ನೀರು ಬಂದರೆ ಅವಳ ಕಾಲ್ಗುಣ, ಮೋಟಾರು ಸುಟ್ಟರೂ ಅವಳದೇ. ಗಂಡಸರ ಕಾಲಿಗೆ ಗುಣವೂ ಇಲ್ಲ, ದೋಷವೂ ಇಲ್ಲ, ಅದು ಎಲ್ಲಿ ಬೇಕಾದರೂ ಅಲೆದುಕೊಂಡು ಬರಬಹುದು. ಈ ಕಾಯಿದೆಯಿಂದ ಹೊರಗಿದ್ದ ಗಂಡಸು ಬೇತಮಂಗಲದಿಂದ ಕೆಜಿಎಫ್‌ವರೆಗೆ ಒಬ್ಬನೇ. ಅವನು ಮುನಿಸ್ವಾಮಪ್ಪ.

ಅವನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರು ಹಾಕುವ ಹೊತ್ತಿನಲ್ಲಿ ಕೆಲವು ಹಸುಗಳಿಗೆ ಗರ್ಭಕೋಶ ಒಳಗೇ ತಿರುಚಿಕೊಳ್ಳುತ್ತದೆ. ಹಿಂಡಿದ ಬಟ್ಟೆಯ ಹಾಗೆ ಬಾಯಿ ಕಟ್ಟಿಕೊಂಡು, ಹಸು ಎಷ್ಟು ತಿಣುಕಿದರೂ ಕರು ಹೊರಗೆ ಬರುವುದಿಲ್ಲ. ಆಗ ಪಶುವೈದ್ಯರು ಮಾಡಿಸುವ ಉಪಾಯ ನೋಡುವವರಿಗೆ ತಮಾಷೆಯಾಗಿ ಕಾಣುತ್ತದೆ. ಹಸುವಿನ ಕಾಲು ಕಟ್ಟಿ ಮಗ್ಗುಲಿಗೆ ಮಲಗಿಸುತ್ತಾರೆ. ಉದ್ದನೆಯ ಹಲಗೆಯೊಂದರ ಒಂದು ತುದಿಯನ್ನು ಅದರ ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಯನ್ನು ನೆಲಕ್ಕೆ ಊರಿ, ಆ ಹಲಗೆಯ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಾರೆ. ಅವನ ಭಾರಕ್ಕೆ ಒಳಗಿನ ಗರ್ಭ ಇದ್ದಲ್ಲೇ ನಿಲ್ಲುತ್ತದೆ. ಮಿಕ್ಕವರು ಹಗ್ಗ ಎಳೆದು ಹಸುವನ್ನೇ ಅದರ ಸುತ್ತ ಹೊರಳಿಸುತ್ತಾರೆ. ತಿರುಚಿದ್ದು ಬಿಚ್ಚಿಕೊಳ್ಳುತ್ತದೆ. ಹಲಗೆಯ ಮೇಲೆ ನಿಂತವನು ಭಾರ ಹೆಚ್ಚು ಹಾಕಿದರೆ ಕರು ಸಾಯುತ್ತದೆ, ಕಮ್ಮಿ ಹಾಕಿದರೆ ಗರ್ಭವೂ ಹಸುವಿನ ಜೊತೆಗೇ ತಿರುಗಿ ಪಟ್ಟ ಪಾಡೆಲ್ಲ ನೀರುಪಾಲು. ಹಸು ಹೊರಳುತ್ತಿರುವಾಗ ಹಲಗೆಯ ಮೇಲೆ ಹೆಜ್ಜೆ ಬದಲಿಸುತ್ತ ಬೀಳದೆ ನಿಲ್ಲುವುದು ಎಲ್ಲರಿಗೂ ಬರುವ ಕೆಲಸವಲ್ಲ.

ಮುನಿಸ್ವಾಮಪ್ಪನಿಗೆ ಅದು ಬಂದದ್ದು ವಯಸ್ಸಿನಲ್ಲಿ ಮಾಡುತ್ತಿದ್ದ ಕೂಲಿಯಿಂದ. ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೂಲಿಯವರಿದ್ದ ಲೈನು ಮನೆಗಳ ಮಾಡಿಗೆ ತಗಡಿನ ಶೀಟು ಹೊದಿಸುವ ಕೆಲಸ ಅವನದಾಗಿತ್ತು. ಅಲುಗುವ ಶೀಟಿನ ಮೇಲೆ ಬರಿಗಾಲಲ್ಲಿ ಓಡಾಡಿದ ಪಾದ ಅದು. ಗಣಿ ಮುಚ್ಚಿ ಅಲ್ಲಿಯ ಮರಮುಟ್ಟು ಹರಾಜಾದಾಗ ಅವನು ತಂದುಕೊಂಡದ್ದು ಒಂದೇ ಒಂದು ತೇಗದ ಹಲಗೆ. ಮಂಚ ಮಾಡಿಸೋಣವೆಂದು ಅವನ ಹೆಂಡತಿ ಅಶ್ವತ್ಥಮ್ಮ ಆಸೆಪಟ್ಟಿದ್ದಳು. ಅಷ್ಟರಲ್ಲಿ ಊರಿನ ಯಾವುದೋ ಹಸು ನರಳಿತು, ಡಾಕ್ಟರು ಹಲಗೆ ಕೇಳಿದರು, ಹಲಗೆ ಹತ್ತಲು ಜನ ಕೇಳಿದರು. ಹೋದ ಹಲಗೆ ಹೋಯಿತು, ಜೊತೆಗೆ ಗಂಡನೂ ಹೋದ. ಅಶ್ವತ್ಥಮ್ಮ ಇಂದಿಗೂ ಚಾಪೆಯ ಮೇಲೆಯೇ ಮಲಗುತ್ತಾಳೆ.

ಆಮೇಲೆ ಎಷ್ಟು ಡಾಕ್ಟರುಗಳು ಬಂದರೋ, ವರ್ಗವಾಗಿ ಹೋದರೋ, ಹಲಗೆ ಮಾತ್ರ ಮುನಿಸ್ವಾಮಪ್ಪನದೇ. ಕರೆ ಬಂದರೆ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ. ಕೂಲಿ ಕೇಳಿದವನಲ್ಲ. ಆದರೆ ಕರು ಹುಟ್ಟಿದ ಮನೆಯವರು ಮೊದಲ ಗಿಣ್ಣುಹಾಲಿನಲ್ಲಿ ಒಂದು ಚೊಂಬು ಅವನ ಮನೆಗೆ ಕಳಿಸಬೇಕೆಂಬುದು ಯಾರೂ ಮಾಡದ ಒಂದು ಕಟ್ಟಳೆಯಾಗಿ ಬೆಳೆದುಬಿಟ್ಟಿತ್ತು. ಬೆಲ್ಲ, ಏಲಕ್ಕಿ ಹಾಕಿ ಅಶ್ವತ್ಥಮ್ಮ ಗಿಣ್ಣು ಬೇಯಿಸಿದರೆ ಆ ವಾಸನೆಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. 'ಯಾರ್ ಮನೇದು?' ಎಂದು ಕೇಳುವರು. 'ಮುನಿಸ್ವಾಮಣ್ಣನ ಕಾಲ್ಗುಣ' ಎಂದು ನಗುವರು. ಮುನಿಸ್ವಾಮಪ್ಪ ನಗುತ್ತಿರಲಿಲ್ಲ, ಆದರೆ ಆ ಮಾತು ಕಿವಿಗೆ ಇಂಪಾಗಿಯೇ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಆ ಇಂಪೇ ಅವನಿಗೆ ಮುಳುವಾದದ್ದು, ಹೋದ ಸಲ ಮಾವು ಹೂ ಬಿಟ್ಟ ಕಾಲದಲ್ಲಿ.

ಚಾಂಪಿಯನ್ ರೀಫ್ಸ್‌ನ ಹಳೇ ಲೈನೊಂದರಲ್ಲಿ ಅಮ್ಮಾಜಮ್ಮ ಎಂಬ ಹೆಂಗಸಿದ್ದಾಳೆ. ಗಂಡ ಕುಪ್ಪುಸ್ವಾಮಿ ಗಣಿಯಲ್ಲಿದ್ದವನು, ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಿಲ್ಲ. ಅವಳಿಗಿದ್ದದ್ದು ಸೆಲ್ವಿ ಎಂಬ ಹಸು, ಸೆಲ್ವಿಯ ಹಿಂದಿನ ಸೂಲಿನ ಮಗಳು ಮಲ್ಲಿ ಎಂಬ ಬೆಳೆದ ಕಡಸು. ಗಣಿಗಿಳಿಯುತ್ತಿದ್ದ, ಈಗ ಮುಚ್ಚಿದ ಶಾಫ್ಟಿನ ಸುತ್ತ ಹಸು ಮೇಯಿಸಿಕೊಂಡು, ನಾಲ್ಕಾರು ಮನೆಗೆ ಹಾಲು ಹಾಕಿಕೊಂಡು ಕಾಲ ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಸೆಲ್ವಿ ಮೇವು ಮುಟ್ಟಲಿಲ್ಲ. ಹಿಂಗಾಲಿನಿಂದ ತನ್ನ ಹೊಟ್ಟೆಯನ್ನೇ ಒದ್ದುಕೊಂಡಿತು. ಮಲಗುವುದು, ಏಳುವುದು, ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುವುದು. ಸಗಣಿಯ ಬದಲು ಒಂದಿಷ್ಟು ರಕ್ತ ಬೆರೆತ ಲೋಳೆ ಬಂತು, ಆಮೇಲೆ ಅದೂ ನಿಂತಿತು. ಡಾಕ್ಟರು ವಿಜಯಕುಮಾರ್ ಲಸಿಕೆ ಹಾಕಲು ಕಾಮಸಮುದ್ರದ ಕಡೆಯ ಯಾವುದೋ ಹಳ್ಳಿಗೆ ಹೋಗಿದ್ದರು. ಅಲ್ಲಿ ಫೋನು ಹತ್ತಲಿಲ್ಲ. ಅಮ್ಮಾಜಮ್ಮ ಮುನಿಸ್ವಾಮಪ್ಪನಿಗೆ ಹೇಳಿಕಳಿಸಿದಳು.

ಅವನು ಬಂದು ನೋಡಿದ. ಸೆಲ್ವಿ ಈದು ಕೆಲವು ತಿಂಗಳಾಗಿತ್ತು, ಹೊಟ್ಟೆಯಲ್ಲಿ ಕರು ಇರಲಿಲ್ಲ.

"ಇದು ಬಸುರಿನ ನೋವಲ್ಲ ಕಣಮ್ಮ" ಎಂದ. "ನಂಗೆ ಗೊತ್ತಿರಾದು ಅದೊಂದೇ. ಡಾಕ್ಟ್ರು ಬರ್ಲಿ."

"ಡಾಕ್ಟ್ರು ಬರೋಗಂಟ ಇದು ಇರ್ತದಾ ಅಣ್ಣಾ? ನೀನೇ ಏನಾನ ಮಾಡು" ಎಂದು ಅಮ್ಮಾಜಮ್ಮ ಅವನ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಲೈನಿನ ಗಂಡಸರೆಲ್ಲ ಸೇರಿದ್ದರು. ಇಂಥ ಹೊತ್ತಿಗೆ ಸೇರುವ ಜನಕ್ಕೆ ಬಾಯಿ ಇರುತ್ತದೆ, ಜವಾಬ್ದಾರಿ ಇರುವುದಿಲ್ಲ. "ಒಟ್ಟೇಲಿ ಏನೋ ಸುತ್ಕೊಂಡದೆ, ಒರಳ್ಸಿದ್ರೆ ಬಿಟ್ಕೊಂತದೆ" ಎಂದ ಒಬ್ಬ. "ನಿನ್ ಕಾಲ್ಗುಣ ಇರೋವಾಗ ಯಾಕಣ್ಣ ಯೋಚ್ನೆ?" ಎಂದ ಇನ್ನೊಬ್ಬ. ಹಲಗೆ ತರಲು ಆಟೋ ಕಳಿಸಿದ್ದೂ ಆಯಿತು. ಮುನಿಸ್ವಾಮಪ್ಪ ಇನ್ನೊಮ್ಮೆ ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಯಾವ ಕಡೆಗೆ ಹೊರಳಿಸಬೇಕೆಂದು ಹೇಳಲು ಡಾಕ್ಟರಿರಲಿಲ್ಲ. ಅವನೇ ಬಲಕ್ಕೆ ಎಂದ. ಹಲಗೆ ಹತ್ತಿ ನಿಂತ. ಹಗ್ಗ ಎಳೆದರು.

ಹೊರಳಿಸಿದ ಮೇಲೆ ಸೆಲ್ವಿ ಒದೆಯುವುದನ್ನು ನಿಲ್ಲಿಸಿ ತಣ್ಣಗೆ ಮಲಗಿತು. ಜನ ಮೆಚ್ಚಿಕೊಂಡರು, ಟೀ ಬಂತು. ಆದರೆ ಮುನಿಸ್ವಾಮಪ್ಪನಿಗೆ ಆ ತಣ್ಣಗಿರುವುದು ಹಿಡಿಸಲಿಲ್ಲ. ಕಿವಿ ಮುಟ್ಟಿ ನೋಡಿದ, ಕಿವಿಯೂ ತಣ್ಣಗಿತ್ತು. ಹೊತ್ತು ಇಳಿಯುತ್ತ ಬಂದ ಹಾಗೆ ಜನ ಒಬ್ಬೊಬ್ಬರೇ ಮನೆಗೆ ಹೋದರು. ಅವನು ಹೋಗಲಿಲ್ಲ. ಸೆಲ್ವಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ದೀಪ ಹಚ್ಚುವ ಹೊತ್ತಿಗೆ ಅದು ಉದ್ದಕ್ಕೆ ಒಂದು ಉಸಿರು ಬಿಟ್ಟು ಸತ್ತಿತು.

ಮಾರನೆಯ ದಿನ ವಿಜಯಕುಮಾರ್ ಬಂದರು. ಬೇರೆ ದನಗಳಿಗೆ ಹರಡುವ ಕಾಯಿಲೆಯೇನೋ ಎಂದು ನೋಡಲು, ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಮಗ್ಗುಲಲ್ಲಿ ಹೊಟ್ಟೆ ಕೊಯ್ದರು. ಮುನಿಸ್ವಾಮಪ್ಪ ದೂರದಲ್ಲಿ ನಿಂತಿದ್ದ. ಒಳಗೆ ಕರುಳಿನ ಒಂದು ಸುತ್ತು ಮಾತ್ರ ಕಪ್ಪಗೆ ಉಬ್ಬಿಕೊಂಡಿತ್ತು.

"ಕಾಯಿಲೆಯಲ್ಲ, ಕರುಳು ತಿರುಚಿಕೊಂಡಿದೆ" ಎಂದರು ಡಾಕ್ಟರು. ಕೈ ತೊಳೆದುಕೊಂಡು ಬೈಕು ಹತ್ತಿ ಹೋದರು. ಅವರಿಗೆ ಇನ್ನೂ ಎಷ್ಟೋ ಕಡೆ ಹೋಗಬೇಕಿತ್ತು.

ತಿರುಚಿಕೊಂಡಿದೆ. ಮುನಿಸ್ವಾಮಪ್ಪನಿಗೆ ಕೇಳಿಸಿದ್ದು ಅಷ್ಟೇ. ತಿರುಚಿದವರು ಯಾರು ಎಂದು ಅವನು ಡಾಕ್ಟರನ್ನು ಕೇಳಲಿಲ್ಲ. ಉತ್ತರ ಗೊತ್ತಿದೆ ಎಂದುಕೊಂಡವನು ಯಾಕೆ ಕೇಳುತ್ತಾನೆ? ಬಲಕ್ಕೆ ಎಂದು ಹೇಳಿದ್ದು ತನ್ನ ಬಾಯಿ, ಹಲಗೆಯ ಮೇಲೆ ನಿಂತದ್ದು ತನ್ನ ಕಾಲು. ಒಂಟಿ ಹೆಂಗಸಿನ ಹಸುವಿನ ಕರುಳನ್ನು ತಾನೇ ಹಿಂಡಿ ಕೊಂದೆ ಎಂದು ಅವನು ತೀರ್ಮಾನಿಸಿಬಿಟ್ಟ.

ಅವತ್ತಿನಿಂದ ಅವನು ಹಲಗೆ ಹತ್ತಲಿಲ್ಲ. ಮಂಡಿ ನೋವು ಎಂದ. ಮಂಡಿ ನೋವು ಇದ್ದದ್ದು ನಿಜವೇ, ಅದಕ್ಕೆ ಯಾರೂ ಅನುಮಾನಪಡಲಿಲ್ಲ. ಕರೆಯುವವರು ಒಂದಷ್ಟು ದಿನ ಬಂದು, ಆಮೇಲೆ ಬರುವುದನ್ನು ಬಿಟ್ಟರು. 'ಮುನಿಸ್ವಾಮಣ್ಣನ ಕಾಲ್ಗುಣ ಓಯ್ತಂತೆ' ಎಂದು ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು ಆಡಿಕೊಂಡರು. ಮೋಟಾರು ಸುಟ್ಟ ಮನೆಯ ಸೊಸೆಗೆ ಹೇಗಿರುತ್ತದೆಂದು ಅವನಿಗೆ ಅರವತ್ತು ದಾಟಿದ ಮೇಲೆ ತಿಳಿಯಿತು.

ಮನೆಗೆ ಗಿಣ್ಣು ಬರುವುದು ನಿಂತಿತು. ಅಶ್ವತ್ಥಮ್ಮ ಅದರ ಮಾತೆತ್ತಲಿಲ್ಲ. ಬೆಳಕು ಹರಿಯುವ ಮೊದಲು ಏಳುವುದು, ಮನೆಯ ಎರಡು ಹಸುಗಳ ಹಾಲು ಕರೆಯುವುದು, ಡೈರಿಗೆ ಹಾಕುವುದು, ಸೀಮೆಹುಲ್ಲು ಕೊಯ್ದು ತರುವುದು, ಮತ್ತೆ ಸಂಜೆಯ ಹಾಲು. ಇಷ್ಟೂ ಕೆಲಸವನ್ನು ಮುನಿಸ್ವಾಮಪ್ಪ ಒಂದೂ ಬಿಡದೆ ಮಾಡುತ್ತಿದ್ದ. ಆದರೆ ಮೊದಲು ಕೆಲಸ ಮುಗಿಸಿ ದಣಿಯುತ್ತಿದ್ದವನು ಈಗ ಏಳುವಾಗಲೇ ದಣಿದಿರುತ್ತಿದ್ದ. ರಾಗಿಮುದ್ದೆಯನ್ನು ಮುರಿದು ಸಾರಿಗದ್ದಿ ಹಾಗೇ ಕೂತುಬಿಡುತ್ತಿದ್ದ. 'ಏನಾಯ್ತು?' ಎಂದರೆ 'ಏನಿಲ್ಲ, ಸಾಕಾಗದೆ' ಎನ್ನುತ್ತಿದ್ದ. ಸಾಕಾಗಿದೆ ಎನ್ನುವ ಮನುಷ್ಯನಿಗೆ ಏನು ಮದ್ದು ಕೊಡುವುದು? ಅಶ್ವತ್ಥಮ್ಮ ಹಲಗೆಯನ್ನು ಕೊಟ್ಟಿಗೆಯ ಹಿಂದಕ್ಕೆ ಸರಿಸಿ ಅದರ ಮೇಲೆ ಬೂಸಾ ಚೀಲ ಪೇರಿಸಿದಳು, ಕಣ್ಣಿಗೆ ಬೀಳದಿರಲಿ ಎಂದು.

ಅವರ ಒಬ್ಬಳೇ ಮಗಳು ನವ್ಯ ಕಾರವಾರದ ಕಡೆ ಇದ್ದಾಳೆ. ದನದ ಡಾಕ್ಟರಾಗಲಿ ಎಂದು ಓದಿಸಿದರೆ ಅವಳು ಕಡಲಿನ ಪ್ರಾಣಿಗಳನ್ನು ನೋಡುವ ಕೆಲಸ ಹಿಡಿದಳು. ಸತ್ತು ದಡಕ್ಕೆ ಬಂದವನ್ನು ಕೊಯ್ದು, ಯಾತಕ್ಕೆ ಸತ್ತಿತೆಂದು ಹುಡುಕುವುದು ಅದರಲ್ಲೊಂದು ಭಾಗ. 'ಸತ್ ಮೇಲೆ ಡಾಕ್ಟ್ರು ಯಾತುಕ್ಕೆ?' ಎಂದು ಅಶ್ವತ್ಥಮ್ಮ ಮೊದಮೊದಲು ಗೊಣಗುತ್ತಿದ್ದಳು. ನವ್ಯ ಭಾನುವಾರ ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಸೆಲ್ವಿಯ ವಿಷಯವನ್ನು ಅಪ್ಪ ಅವಳಿಗೆ ಹೇಳಿರಲಿಲ್ಲ, ಅಮ್ಮನೂ ಹೇಳಕೂಡದೆಂದಿದ್ದ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಭಾನುವಾರ ನವ್ಯಳ ಮುಖ ಬಾಡಿತ್ತು.

"ನೆನ್ನೆ ಒಂದು ಡಾಲ್ಫಿನ್ ಕೊಯ್ದೆ ಅಮ್ಮ. ಇನ್ನೂ ಊಟ ಸೇರ್ತಿಲ್ಲ."

"ಅದೇನೇ ಅದು, ಮೀನಾ?"

"ಮೀನಲ್ಲಮ್ಮ. ಮರಿ ಆಕ್ತದೆ, ಮರಿಗೆ ಹಾಲು ಕೊಡ್ತದೆ, ನಮ್ಮ ಹಸು ತರಾನೇ. ಜೀವ ಇರೋವಾಗ್ಲೇ ದಡಕ್ಕೆ ಬಂದಿತ್ತು. ನಾವು ಓಗೋದ್ರೊಳಗೆ ಓಗ್ಬಿಡ್ತು."

"ಹಾಲ್ ಕೊಡೋದಾ? ಪಾಪ" ಎಂದಳು ಅಶ್ವತ್ಥಮ್ಮ.

ನವ್ಯ ಹೇಳುತ್ತ ಹೋದಳು. ಮೈಮೇಲೆ ಒಂದು ಗಾಯವಿಲ್ಲ, ಬಲೆಯ ಗುರುತಿಲ್ಲ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕಿಲ್ಲ. ಚೆನ್ನಾಗಿ ಮೈ ತುಂಬಿಕೊಂಡ ಪ್ರಾಣಿ. ಅಲ್ಲಿ ಒಬ್ಬ ಮೀನುಗಾರ ಮುದುಕ ಅದರ ಪಕ್ಕದಲ್ಲೇ ಇದ್ದನಂತೆ. ಅವನ ಬಲೆಗೇ ಸಿಕ್ಕಿ ಸತ್ತಿದ್ದು ಎಂದು ಜನ ಅವನ ಮೇಲೆ ಕೂಗಾಡಿ ದೊಡ್ಡ ಗಲಾಟೆಯಾಯಿತಂತೆ.

"ಕೊಯ್ದು ನೋಡಿದ್ರೆ ಬಲೆಯೂ ಅಲ್ಲ, ಏನೂ ಅಲ್ಲ. ಒಳಗೆ ಕರುಳು ತಿರುಚ್ಕೊಂಡಿತ್ತು. ಒಂದು ಸುತ್ತು ಪೂರ್ತಿ ಕಪ್ಪಗಾಗಿತ್ತು."

ಹಿಂದೆ ಗೋಡೆಗೊರಗಿ ಕೂತಿದ್ದ ಮುನಿಸ್ವಾಮಪ್ಪ ಎದ್ದು ಬಂದು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡ.

"ಅದನ್ನ ಯಾರಾನ ಒರಳ್ಸಿದ್ರಾ?"

"ಏನಂದೆ ಅಪ್ಪ?"

"ಒರಳ್ಸಿದ್ರಾ ಅಂತ. ಯಾರಾನ ಇಡ್ಕೊಂಡು, ಮಗ್ಗುಲು ತಿರುಗಿಸಿ..."

ನವ್ಯ ನಕ್ಕುಬಿಟ್ಟಳು. "ಸಮುದ್ರದಾಗೆ ಅದನ್ನ ಒರಳ್ಸೋರು ಯಾರಪ್ಪ? ಅದೇ ಒರಳ್ತದೆ. ದಿನಾ ಒರಳ್ತದೆ, ನೀರಿಂದ ನೆಗೀತದೆ, ಮಗುಚಿ ಬೀಳ್ತದೆ. ಒರಳೋದ್ರಿಂದಲೇ ಕರುಳು ತಿರುಚೋದಾಗಿದ್ರೆ ಒಂದೂ ಉಳೀತಿರ್ಲಿಲ್ಲ."

"ಮತ್ಯಾಕೆ ತಿರುಚ್ಕೊಂತು?"

"ಗೊತ್ತಿಲ್ಲಪ್ಪ. ಒಂದೊಂದ್ಸಲ ಕರುಳಾಗೆ ಉಳ ಇರ್ತದೆ, ಒಂದೊಂದ್ಸಲ ಏನೂ ಸಿಕ್ಕಲ್ಲ. ಯಾರೂ ಮುಟ್ಟದೇ ಇದ್ರೂ ತಿರುಚ್ಕೊಂತದೆ. ಯಾಕಪ್ಪ, ಏನಾಯ್ತು?"

"ಏನಿಲ್ಲ, ಸುಮ್ನೆ" ಎಂದು ಫೋನನ್ನು ಹೆಂಡತಿಗೆ ಕೊಟ್ಟು ಕೊಟ್ಟಿಗೆಗೆ ಹೋದ.

ಯಾರೂ ಮುಟ್ಟದೇ ಇದ್ದರೂ ಎಂಬ ಮಾತನ್ನು ಅವನು ಮೇವು ಹಾಕುತ್ತ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡ. ಆದರೆ ಸೆಲ್ವಿಯನ್ನು ತಾನು ಮುಟ್ಟಿದ್ದನಲ್ಲ? ಕಡಲಿನ ಪ್ರಾಣಿಗೆ ತಾನಾಗಿಯೇ ಆಗಿರಬಹುದು, ಸೆಲ್ವಿಗೆ ತನ್ನಿಂದಲೇ ಆಗಿರಬಹುದು. ಹೊತ್ತುಕೊಂಡು ಅಭ್ಯಾಸವಾದ ಭಾರವನ್ನು ಯಾರೋ ಇಳಿಸಲು ಬಂದರೆ ಮನುಷ್ಯ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಇದು ಯಾವ ಬುದ್ಧಿಯೋ ಕಾಣೆ.

ಅದೇ ವಾರ ಒಂದು ದಿನ ಬಿಸಿಲು ಏರಿದ ಮೇಲೆ ಮನೆಯ ಮುಂದೆ ಆಟೋ ಬಂದು ನಿಂತಿತು. ಇಳಿದವಳು ಅಮ್ಮಾಜಮ್ಮ. ಸೆಲ್ವಿ ಸತ್ತ ಮೇಲೆ ಮುನಿಸ್ವಾಮಪ್ಪ ಅವಳ ಮುಖ ನೋಡಿರಲಿಲ್ಲ. ಚಾಂಪಿಯನ್ ರೀಫ್ಸ್ ದಾಟಿ ಹೋಗುವ ಬಸ್ಸು ಹತ್ತುವುದನ್ನೇ ಬಿಟ್ಟಿದ್ದ. ಅವಳನ್ನು ಕಂಡವನೇ ಒಳಗೆ ಹೋಗಲು ತಿರುಗಿದ.

"ನಿಲ್ಲಣ್ಣಾ" ಎಂದಳು. ಸೆರಗಿನಿಂದ ಬೆವರು ಒರೆಸಿಕೊಂಡಳು. "ಫೋನ್ ಮಾಡಿದ್ರೆ ನೀನು ಎತ್ತಲ್ಲ, ಅದಿಕ್ಕೇ ನಾನೇ ಬಂದೆ. ಮಲ್ಲಿಗೆ ಬೆಳಿಗ್ಗೆಯಿಂದ ನೋವು. ಮೊದಲ್ನೇ ಕರು. ಡಾಕ್ಟ್ರು ಬಂದು ಕೈ ಹಾಕಿ ನೋಡವ್ರೆ, ಗರ್ಭ ತಿರುಚ್ಕೊಂಡಿದೆ ಅಂತಾರೆ. ಹಲಗೆ ಮೇಲೆ ನಿಲ್ಲೋಕೆ ಆಳು ಬೇಕಂತೆ. ಸೀಕ್ರಂ, ಬೇಗ ಬಾ."

"ನಂಗೆ ಮಂಡಿ ನೋವಮ್ಮ."

"ಗೊತ್ತು. ಬಾ."

"ಆಗಲ್ಲಮ್ಮ. ಬೇರೆ ಯಾರ್ನಾನ ಕರ್ಕೊಂಡೋಗು."

ಅಮ್ಮಾಜಮ್ಮ ಕದಲಲಿಲ್ಲ. ಆಗ ಮುನಿಸ್ವಾಮಪ್ಪನ ಒಳಗೆ ಇಷ್ಟು ದಿನ ಕೂತಿದ್ದ ಮಾತು ತಾನಾಗಿ ಹೊರಗೆ ಬಿತ್ತು.

"ನಿನ್ ಸೆಲ್ವೀನ ಸಾಯ್ಸಿದ್ ಕಾಲು ಇದು. ಅವಳ ಮಗಳ ಮೇಲೂ ಇಡು ಅಂತೀಯಾ?"

ಅಶ್ವತ್ಥಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಗಂಡ ಮುದ್ದೆ ಮುರಿದು ಯಾಕೆ ಕೂತಿರುತ್ತಿದ್ದ ಎಂದು ಅವಳಿಗೆ ಅಂದಾಜಿತ್ತು. ಆದರೆ ಬಾಯಿಬಿಟ್ಟು ಆಡಿದ್ದನ್ನು ಕೇಳಿದ್ದು ಅವತ್ತೇ. ಅವಳ ಕಣ್ಣಲ್ಲಿ ನೀರು ಬಂತು.

ಅಮ್ಮಾಜಮ್ಮ ಮಾತ್ರ ಅಳಲಿಲ್ಲ. ಅವಳಿಗೆ ಅಳುವಷ್ಟು ಪುರುಸೊತ್ತು ಇರಲಿಲ್ಲ.

"ಅವತ್ತು ಲೈನಲ್ಲಿ ಇದ್ದ ಗಂಡಸ್ರೆಲ್ಲ ಟೀ ಕುಡ್ದು ಓದ್ರು" ಎಂದಳು. "ಒರಳ್ಸು ಒರಳ್ಸು ಅಂದೋರೆಲ್ಲ ಓದ್ರು. ಅದು ಸಾಯೋಗಂಟ ತಲೆ ಇಡ್ಕೊಂಡು ಕೂತೋನು ನೀನೊಬ್ನೇ. ನಾನು ನಿನ್ ಕಾಲ್ಗುಣ ನೋಡಿ ಬರ್ಲಿಲ್ಲ ಅಣ್ಣಾ. ಕಾಲ್ಗುಣ ಯಾರಿಗ್ ಬೇಕು? ನನ್ ಗಂಡ ಆಸ್ಪತ್ರೇಲಿ ಸತ್ತಾಗ ಪಕ್ಕದಲ್ಲಿ ಯಾರೂ ಇರ್ಲಿಲ್ಲ, ನಾನೂ ಇರ್ಲಿಲ್ಲ. ಮಲ್ಲಿ ಉಳೀಲಿ, ಸಾಯ್ಲಿ, ಪಕ್ಕದಲ್ಲಿ ನೀನಿರ್ಬೇಕು. ಅಷ್ಟೇ ನಾನ್ ಕೇಳೋದು."

ಮುನಿಸ್ವಾಮಪ್ಪ ಹೆಂಡತಿಯ ಕಡೆ ನೋಡಿದ. ಅಶ್ವತ್ಥಮ್ಮ ಆಗಲೇ ಕೊಟ್ಟಿಗೆಯ ಹಿಂದೆ ಹೋಗಿ ಬೂಸಾ ಚೀಲಗಳನ್ನು ಎಳೆದು ಕೆಳಗೆ ಹಾಕುತ್ತಿದ್ದಳು.

ಹಲಗೆ ಆಟೋದ ಒಳಗೆ ಹಿಡಿಸಲಿಲ್ಲ. ಒಂದು ತುದಿ ಹೊರಗೆ ಚಾಚಿಕೊಂಡೇ ಚಾಂಪಿಯನ್ ರೀಫ್ಸ್ ತಲುಪಿತು. ದಾರಿಯುದ್ದಕ್ಕೂ ಎದುರಿಗೆ ಬಂದ ಬೈಕಿನವರೆಲ್ಲ ಬೈದರು.

ಅಮ್ಮಾಜಮ್ಮನ ಮನೆಯ ಹಿತ್ತಲಲ್ಲಿ ಮಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿತ್ತು. ಡಾಕ್ಟರು ವಿಜಯಕುಮಾರ್ ತೋಳಿನವರೆಗೆ ರಬ್ಬರಿನ ಗ್ಲೌಸು ಹಾಕಿಕೊಂಡು ಕಾಯುತ್ತಿದ್ದರು. ಬೆಳಗಿನಿಂದ ಅವರಿಗೂ ಊಟವಿರಲಿಲ್ಲ.

"ಬಂದ್ರಾ ಮುನಿಸ್ವಾಮಪ್ಪ. ಬಲಕ್ಕೆ ತಿರುಚಿದೆ, ಬಲಮಗ್ಗುಲಿಗೆ ಮಲಗಿಸೋಣ. ಹಗ್ಗ ಹಾಕ್ಸಿ."

ಮುನಿಸ್ವಾಮಪ್ಪ ಹಗ್ಗ ಮುಟ್ಟಲಿಲ್ಲ.

"ಸಾರ್, ಒಂದ್ ಮಾತು ಕೇಳ್ಬೇಕಾಗಿತ್ತು. ಸೆಲ್ವಿ ಕರುಳು ತಿರುಚಿದ್ದು ನಾನಾ?"

ವಿಜಯಕುಮಾರ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆನಪಾಯಿತು. ಅವರು ಅವನ ಮುಖವನ್ನೇ ನೋಡಿದರು.

"ಇಷ್ಟು ದಿನ ಇದನ್ನ ಇಟ್ಕೊಂಡಿದ್ರಾ? ಆವತ್ತೇ ಕೇಳಬಾರದಿತ್ತಾ?"

"ಕೇಳಾಕೆ ಧೈರ್ಯ ಬರ್ಲಿಲ್ಲ ಸಾರ್."

"ನೀವು ಹೊರಳಿಸೋದಕ್ಕೆ ಮುಂಚೆ ಸಗಣಿ ನಿಂತಿತ್ತಾ?"

"ನಿಂತಿತ್ತು. ರಕ್ತ, ಲೋಳೆ ಬಂದು ನಿಂತಿತ್ತು."

"ಹಾಗಾದರೆ ನೀವು ಬರೋದಕ್ಕೆ ಮುಂಚೆನೇ ತಿರುಚಿತ್ತು. ಹೊರಳಿಸಿದ್ದರಿಂದ ಹೆಚ್ಚಾಯ್ತಾ, ಇಲ್ಲವಾ, ಅದನ್ನ ನಾನು ಹೇಳಲಾರೆ. ಹೊರಳಿಸಬಾರದಿತ್ತು, ಅದೂ ನಿಜ. ಆದರೆ ಅದು ಉಳಿಯೋ ಹಸು ಆಗಿರಲಿಲ್ಲ. ನಾನು ಬೇಗ ಬಂದಿದ್ದರೂ ಬಹುಶಃ ಉಳಿಸೋಕೆ ಆಗ್ತಿರಲಿಲ್ಲ. ನನ್ನ ಫೋನು ಸಿಕ್ಕಲಿಲ್ಲ ಅಂತ ನಾನೂ ಎರಡು ದಿನ ಮಂಕಾಗಿದ್ದೆ, ಗೊತ್ತಾ? ಈಗ ಇದನ್ನ ನೋಡೋಣ, ಹೊತ್ತಾಗ್ತಿದೆ."

ಪೂರ್ತಿ ಬಿಡುಗಡೆಯ ಮಾತಲ್ಲ ಅದು. ಪೂರ್ತಿ ಬಿಡುಗಡೆ ಮಾಡಿದ್ದರೆ ಮುನಿಸ್ವಾಮಪ್ಪ ನಂಬುತ್ತಲೂ ಇರಲಿಲ್ಲ. ಅವನು ಚಪ್ಪಲಿ ಬಿಟ್ಟ.

ಹಗ್ಗ ಹಾಕಿ ಮಲ್ಲಿಯನ್ನು ಕೆಡವಿದರು. ಹಲಗೆ ಇಟ್ಟರು. ಮುನಿಸ್ವಾಮಪ್ಪ ಹತ್ತುವಾಗ ಮಂಡಿ ಚುಳುಕ್ಕೆಂದಿತು. ಪಾದದ ಅಡಿಯಲ್ಲಿ, ಹಲಗೆಯ ಅಡಿಯಲ್ಲಿ, ಒಳಗಿನ ಕರು ಒಮ್ಮೆ ಕದಲಿದ್ದು ಅವನಿಗೆ ತಿಳಿಯಿತು. ಬದುಕಿದೆ. "ನಿಧಾನ, ಎಳೀರಿ" ಎಂದ. ಲೈನಿನ ಗಂಡಸರು ಎಳೆದರು. ಮಲ್ಲಿ ಹೊರಳಿತು. ಅವನು ಹೆಜ್ಜೆ ಬದಲಿಸಿದ. ಡಾಕ್ಟರು ಕೈ ಹಾಕಿ ನೋಡಿ ತಲೆಯಾಡಿಸಿದರು, ಬಿಟ್ಟಿಲ್ಲ. ಇನ್ನೊಮ್ಮೆ. ಬಿಡಲಿಲ್ಲ. ಹಗ್ಗ ಹಿಡಿದವರಲ್ಲಿ ಒಬ್ಬ ಗೊಣಗಿದ. ಮುನಿಸ್ವಾಮಪ್ಪನ ತೊಡೆ ನಡುಗುತ್ತಿತ್ತು, ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ತನಗೆ ವಯಸ್ಸಾಯಿತು ಎಂಬುದು ಅವನಿಗೆ ಹಲಗೆಯ ಮೇಲೆ ನಿಂತಾಗಲೇ ನಿಜವಾಗಿ ಗೊತ್ತಾದದ್ದು. "ಇನ್ನೊಂದ್ಸಲ" ಎಂದ. ಈ ಸಲ ಹೊರಳುವಾಗ ಪಾದದ ಕೆಳಗೆ ಏನೋ ಸಡಿಲವಾದ ಹಾಗಾಯಿತು. ಡಾಕ್ಟರು ಕೈ ಹಾಕಿದರು. ಅವರ ತೋಳಿನ ಪಕ್ಕದಿಂದ ನೀರು ಭಳ್ಳನೆ ಹೊರಗೆ ಬಂತು.

"ಬಿಟ್ಟಿತು" ಎಂದರು.

ಕರು ಹೆಣ್ಣು. ಹುಟ್ಟಿದಾಗ ನಾಲಿಗೆ ನೀಲಿಯಾಗಿತ್ತು. ಮುನಿಸ್ವಾಮಪ್ಪ ಅದರ ಮೂಗಿನ ಲೋಳೆ ತೆಗೆದು, ಹುಲ್ಲುಕಡ್ಡಿ ಆಡಿಸಿ, ಒಣಹುಲ್ಲಿನಿಂದ ಎದೆ ತಿಕ್ಕಿದ. ತಿಕ್ಕುತ್ತಲೇ ಇದ್ದ. ಕೊನೆಗೆ ಅದು ಸೀನಿತು. ಅಮ್ಮಾಜಮ್ಮ ಆಗ ಅತ್ತಳು, ಬೆಳಗಿನಿಂದ ಬಾಕಿ ಇದ್ದದ್ದೆಲ್ಲ ಸೇರಿಸಿ.

ಡಾಕ್ಟರು ಹೋದರು. ಹಗ್ಗ ಎಳೆದವರು ಟೀ ಕುಡಿದು ಹೋದರು. ಅಮ್ಮಾಜಮ್ಮ ಗಿಣ್ಣುಹಾಲು ಕರೆದು ಚೊಂಬಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಮುನಿಸ್ವಾಮಪ್ಪನ ಪಕ್ಕದಲ್ಲಿಟ್ಟಳು. ಅವನು ಗೋಡೆಗೊರಗಿ ಕಾಲು ನೀಡಿ ಕೂತಿದ್ದ. ಏಳಲು ತ್ರಾಣವಿರಲಿಲ್ಲ. ಅದು ಕೆಲಸ ಮುಗಿಸಿದವನ ದಣಿವು. ಬಹಳ ತಿಂಗಳಾಗಿತ್ತು ಅವನು ಹಾಗೆ ದಣಿದು.

ಜೇಬಿನಿಂದ ಫೋನು ತೆಗೆದು ಮಗಳಿಗೆ ಮಾಡಿದ. ಭಾನುವಾರವಲ್ಲದ ದಿನ ಅಪ್ಪ ಫೋನು ಮಾಡಿದ್ದಕ್ಕೆ ನವ್ಯ ಗಾಬರಿಯಾದಳು.

"ಅಪ್ಪ, ಅಮ್ಮ ಚೆನ್ನಾಗಿದ್ದಾಳಾ?"

"ಅವಳು ಚೆನ್ನಾಗವಳೆ. ನೀನು ಆವತ್ತು ಏಳಿದ್ಯಲ್ಲ, ಆ ಸಮುದ್ರದ್ದು. ಅದರ ಪಕ್ಕದಲ್ಲಿ ಒಬ್ಬ ಮುದುಕ ಇದ್ದ ಅಂದ್ಯಲ್ಲ. ಅವನು ಅಲ್ಲಿ ಏನ್ ಮಾಡ್ತಿದ್ದ?"

"ಅವರಾ? ಆಮೇಲೆ ಗೊತ್ತಾಯ್ತು, ಅದು ದಡಕ್ಕೆ ಬಿದ್ದಾಗಿಂದ ಅದರ ಮೇಲೆ ಕೊಡದಲ್ಲಿ ನೀರು ಹುಯ್ತಾ ಇದ್ರಂತೆ. ಮಗ್ಗುಲು ಹೊರಳಿಸಿ, ನೀರಿಗೆ ತಳ್ಳೋಕೆ ನೋಡಿದ್ರಂತೆ. ಅಷ್ಟರಲ್ಲಿ ಜನ ಬಂದು ಬಲೆ ಗಿಲೆ ಅಂತ ಶುರು ಮಾಡ್ಕೊಂಡ್ರು. ಯಾಕಪ್ಪ?"

ಮುನಿಸ್ವಾಮಪ್ಪ ಕರುವಿನ ಕಡೆ ನೋಡಿದ. ಮಲ್ಲಿ ಅದನ್ನು ನೆಕ್ಕುತ್ತಿತ್ತು.

"ಅವನ ಬಲೆಯಿಂದ ಸತ್ತಿಲ್ಲ, ಅವನು ಒರಳ್ಸಿದ್ದಕ್ಕೂ ಸತ್ತಿಲ್ಲ ಅಂತ ಅವನಿಗೆ ಯಾರಾನ ಏಳಿದ್ರಾ?"

"ರಿಪೋರ್ಟು ಆಫೀಸಿಗೆ ಓಯ್ತಪ್ಪ. ಅವರಿಗೆ... ಇಲ್ಲ, ಯಾರೂ ಏಳಿಲ್ಲ ಅನ್ಸತ್ತೆ. ಅವರೇನೂ ಕೇಳ್ಲಿಲ್ಲ."

"ಅವನು ಕೇಳಲ್ಲ ಕಣವ್ವ" ಎಂದ ಮುನಿಸ್ವಾಮಪ್ಪ. "ಯಾವತ್ತೂ ಕೇಳಲ್ಲ. ನೀನೇ ಅವನ ಮನೆ ಉಡುಕ್ಕೊಂಡು ಓಗು. ಇವತ್ತೇ ಓಗಿ ಈ ಮಾತು ಏಳು."